ಕೆಲಸದವಳು ಎಂದ ಮಾತು

ನನ್ನ ಅಕ್ಕ ತ್ರಿಶಲಾಳಿಗೆ ನಾಲಿಗೆ ಉದ್ದ, ಧೈರ್ಯ ಗಿಡ್ಡ. ಒಡಹುಟ್ಟಿದವಳು ನಾನು, ಹೇಳಬಹುದು. ಹನ್ನೆರಡು ವರ್ಷದಿಂದ ಅವಳೂ ಪಾಣೆಮಂಗಳೂರಿನ ಜುಲೈಕಾಳೂ ಬಂಟ್ವಾಳ ಪೇಟೆಯಲ್ಲಿ ಪಾಲುದಾರಿಕೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದಾರೆ. ಅಳತೆ ತೆಗೆದು ಕತ್ತರಿಸುವುದು ಅಕ್ಕ, ಹೊಲಿದು ಕಸೂತಿ ಹಾಕುವುದು ಜುಲೈಕಾ.

ಈ ರಂಜಾನಿನಲ್ಲಿ "ಅವರ ಅಂಗಡಿಗಳಿಗೆ ಹೋಗಬೇಡಿ" ಎಂಬ ಸಂದೇಶ ಎಲ್ಲರ ಮೊಬೈಲಿಗೂ ಬಂತು. ಅದೇ ವಾರ ಮಗಳ ಮದುವೆಯ ಬ್ಲೌಸ್ ಹೊಲಿಯಲು ಕೊಡಲೆಂದು ಮೂಡುಬಿದಿರೆಯಿಂದ ನಮ್ಮ ಹಾಗೆ ಜೈನರೇ ಆದ ಸಾತ್ವಿಕಾ ಮೇಡಂ ಬಂದರು. ಪರದೆಯ ಆಚೆ ಕಣ್ಣು ಹಾಯಿಸಿ, "ಅದು ಯಾರು?" ಎಂದರು. "ಅವಳಾ? ಕೆಲಸದವಳು," ಅಂದುಬಿಟ್ಟಳು ಅಕ್ಕ. ಛೀ! ನಾನು ಅಲ್ಲೇ ಗುಂಡಿ ಹಚ್ಚುತ್ತಾ ಕೂತಿದ್ದೆ. ಒಳಗೆ ಜುಲೈಕಾಳ ಮೆಷಿನಿನ ಸದ್ದು ನಿಂತಿತು.

ಮರುದಿನ ಜುಲೈಕಾ ಬರಲಿಲ್ಲ. ಮೂರು ದಿನ ಬರಲಿಲ್ಲ, ಫೋನೂ ಎತ್ತಲಿಲ್ಲ. ಅಕ್ಕನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಒಂದೇ ತೋಳನ್ನು ಎರಡು ಸಲ ಬಿಚ್ಚಿ ಹೊಲಿದಳು. ಬಸ್ಸು ನಿಂತಾಗಲೆಲ್ಲ ಬಾಗಿಲಿಗೆ ಓಡಿದಳು. ಜುಲೈಕಾ ಅಂಗಡಿ ಬಿಟ್ಟೇ ಹೋದಳಾ ಎಂದು ನನಗೂ ಹೆದರಿಕೆ. ನಾಲ್ಕನೇ ಸಂಜೆ ತಡೆಯಲಾಗದೆ, "ಎಂತ ನೋಡ್ತಾ ಕೂತದ್ದು ಮಾರಾಯ್ತಿ? ಏಳು, ಹೋಗುವ," ಎಂದು ಸ್ಕೂಟರ್ ಹತ್ತಿಸಿ ಪಾಣೆಮಂಗಳೂರಿಗೆ ಕರೆದೊಯ್ದೆ.

ಅವರ ಜಗಲಿ ಹತ್ತುವಾಗಲೇ ಮಸೀದಿಯಲ್ಲಿ ಉಪವಾಸ ಬಿಡುವ ಹೊತ್ತಿನ ಬಾಂಗ್ ಆಯಿತು. ಜುಲೈಕಾಳ ಅಮ್ಮ ಬೀಯಮ್ಮ ನಮ್ಮನ್ನೂ ಚಾಪೆಯಲ್ಲಿ ಕೂರಿಸಿ ಖರ್ಜೂರದ ತಟ್ಟೆ ಮುಂದಿಟ್ಟರು. ಇಟ್ಟವರು ಕೂಡಲೇ ನಾಲಿಗೆ ಕಚ್ಚಿಕೊಂಡರು. ಜೈನರಾದ ನಾವು ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲವೆಂದು ಆ ಮನೆಗೆ ಗೊತ್ತು. ಆದರೂ ಅಕ್ಕ ಒಂದು ಖರ್ಜೂರ ಎತ್ತಿ ಬಾಯಿಯ ಹತ್ತಿರ ತಂದೇಬಿಟ್ಟಳು.

ನೀರಿನ ಲೋಟ ಹಿಡಿದಿದ್ದ ಜುಲೈಕಾ ಇನ್ನೊಂದು ಕೈಯಿಂದ ಆ ಖರ್ಜೂರವನ್ನು ಕಿತ್ತುಕೊಂಡಳು. "ನಿಮ್ಮ ನೇಮ ಮುರೀಲಿಕ್ಕೆ ನಾನು ಹೇಳಿದ್ದಾ ತ್ರಿಶಲಕ್ಕ? ಇಲ್ಲಿ ಮನೆಯೊಳಗೆ ತಿಂದ್ರೆ ಯಾರಿಗೆ ಗೊತ್ತಾಗ್ತದೆ? ಆ ಮೇಡಂ ಹತ್ರ ನಿಜ ಹೇಳ್ಲಿಕ್ಕೆ ಆಗ್ತದಾ ನಿಮಗೆ?"

ಅಕ್ಕ ಅತ್ತಳು. ಮತ್ತೆ ಸೆರಗಿನಿಂದ ಮೂಗು ಒರೆಸಿ, ಫೋನ್ ತೆಗೆದು ಸ್ಪೀಕರ್ ಹಾಕಿದಳು.

"ಮೇಡಂ, ನಾನು ತ್ರಿಶಲಾ. ಮೊನ್ನೆ ಸುಳ್ಳು ಹೇಳಿದೆ. ಜುಲೈಕಾ ಕೆಲಸದವಳಲ್ಲ, ಅಂಗಡಿ ನಮ್ಮಿಬ್ಬರದ್ದು. ನಿಮ್ಮ ಬ್ಲೌಸ್ ಹೊಲಿಯುವುದೂ ಅವಳೇ. ಬೇಡ ಅಂತಾದ್ರೆ ಬಟ್ಟೆ ವಾಪಸ್ ತಕೊಂಡು ಹೋಗಿ."

ಆಚೆಯಿಂದ ಫೋನ್ ಕಟ್ಟಾಯಿತು.

ಅಷ್ಟು ಹೊತ್ತು ಹಿಡಿದುಕೊಂಡೇ ಇದ್ದ ನೀರನ್ನು ಜುಲೈಕಾ ಗಟಗಟ ಕುಡಿದಳು. "ಬೆಳಿಗ್ಗೆ ಬರ್ತೇನೆ," ಅಂದಳು. "ಆದ್ರೆ ತ್ರಿಶಲಕ್ಕ, ನೀವು ಹಾಗೆ ಹೇಳಿದ್ದು ನನಗೆ ಮರ್ತು ಹೋಗುದಿಲ್ಲ."