ಪುಟ್ಟನಿಗಾಗಿ ಬಾಡಿಗೆದಾರರು

ಮೊನ್ನೆ ವಿಜಯನಗರದ ಮಾರ್ಕೆಟ್ಟಿನಿಂದ ಸೊಪ್ಪು ಹಿಡಿದು ಬರುವಾಗ ಒಂದು ಗೇಟಿಗೆ ತಂತಿಯಲ್ಲಿ ಕಟ್ಟಿದ ಬೋರ್ಡು ಕಂಡಿತು. ‘ಮನೆ ಬಾಡಿಗೆಗಿದೆ. ಸಸ್ಯಾಹಾರಿಗಳಿಗೆ ಮಾತ್ರ.’ ‘ಮಾತ್ರ’ದ ಕೆಳಗೆ ಎರಡು ಗೆರೆ ಬೇರೆ. ನಡುರಸ್ತೆಯಲ್ಲೇ ನನಗೆ ಮೈ ಉರಿಯಿತು. ಎಂಬತ್ತರ ದಶಕದಲ್ಲಿ ನಮ್ಮ ಎದುರು ಮನೆಯ ಗೇಟಿನಲ್ಲೂ ಇಂಥದ್ದೇ ಬೋರ್ಡು ನೇತಾಡುತ್ತಿತ್ತು... ಅದರ ಹಿಂದೆ ಯಜಮಾನರು ಪೇಪರ್ ಹಿಡಿದು ಕೂತಿರುತ್ತಿದ್ದರು.

ಬೀದಿಯವರೆಲ್ಲ ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದರು. ಹಾಗೆ ಕರೆಸಿಕೊಳ್ಳುವುದು ಅವರಿಗೆ ಬಹಳ ಇಷ್ಟ. ಯಾವುದೋ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ರಿಟೈರಾದವರು, ಆ ಗತ್ತನ್ನು ಮನೆಗೂ ಹೊತ್ತು ತಂದಿದ್ದರು. ಹೆಂಡತಿ ತೀರಿಕೊಂಡಿದ್ದರು. ಇದ್ದವನು ಒಬ್ಬನೇ ಮಗ, ಪುಟ್ಟ. ಇಪ್ಪತ್ತೈದು ದಾಟಿದ ಆಳು, ಬುದ್ಧಿ ಮಾತ್ರ ಸಣ್ಣ ಮಗುವಿನಷ್ಟರಲ್ಲೇ ನಿಂತುಬಿಟ್ಟಿತ್ತು. ಸ್ನಾನ ತಾನೇ ಮಾಡುತ್ತಿದ್ದ, ತಟ್ಟೆ ತೊಳೆದಿಡುತ್ತಿದ್ದ. ಆದರೆ ಒಬ್ಬನೇ ಕೂತು ಊಟ ಮಾಡುತ್ತಿರಲಿಲ್ಲ. ಎದುರಿಗೆ ಯಾರಾದರೂ ಕೂತು ತಿಂದರೆ ತಾನೂ ತಿನ್ನುತ್ತಿದ್ದ, ಇಲ್ಲದಿದ್ದರೆ ಅನ್ನ ಆರಿ ಹೋಗುತ್ತಿತ್ತು.

ತಾವು ಕಣ್ಣು ಮುಚ್ಚಿದ ಮೇಲೆ ಇವನ ಗತಿಯೇನು ಎಂಬ ಚಿಂತೆ ಯಜಮಾನರನ್ನು ತಿನ್ನುತ್ತಿತ್ತು, ಇಲ್ಲವೆನ್ನುವುದಿಲ್ಲ. ಅದಕ್ಕೊಂದು ದಾರಿಯನ್ನೂ ಕಂಡುಕೊಂಡಿದ್ದರು. ಮನೆಯ ಕೆಳಭಾಗವನ್ನು ಒಂದು ಸಂಸಾರಕ್ಕೆ ತೀರಾ ಕಡಿಮೆ ಬಾಡಿಗೆಗೆ ಕೊಡುವುದು, ಮೇಲಿನ ರೂಮಿನಲ್ಲಿ ಪುಟ್ಟ ಇರುವುದು, ಆ ಸಂಸಾರದವರು ಕೊನೆಯವರೆಗೂ ಅವನಿಗೆ ಎರಡು ಹೊತ್ತು ಊಟ ಹಾಕಿ ನೋಡಿಕೊಳ್ಳುವುದು. ಯೋಚನೆಯೇನೋ ಚೆನ್ನಾಗಿಯೇ ಇತ್ತು.

ಅದನ್ನು ನಡೆಸಿದ ಚಂದ ನೋಡಬೇಕಿತ್ತು. ಭಾನುವಾರ ಬಂತೆಂದರೆ ಮನೆ ನೋಡಲು ಬಂದವರನ್ನು ವರಾಂಡದಲ್ಲಿ ಕೂರಿಸಿ, ಸೊಸೆ ತರುವವರ ಹಾಗೆ ವಿಚಾರಣೆ ಶುರು. ಯಾವ ಊರು, ಯಾವ ಜನ, ಮನೆದೇವರು ಯಾವುದು, ಶ್ರಾವಣದಲ್ಲಿ ಏನು ನೇಮ. ಬಂದ ಹೆಂಗಸರಿಗೆ ಕಾಫಿ ತಿಂಡಿ ಕೊಡಲು ನಮ್ಮಮ್ಮನೇ ಹೋಗಬೇಕು, ಲೋಟ ಹಿಡಿದು ಹಿಂದೆ ನಾನು. ಹುಡುಗನಿಗೆ ಜ್ವರ ಬಂದರೆ ಏನು ಮಾಡುತ್ತೀರಿ ಎಂದು ಅವರು ಒಬ್ಬರನ್ನೂ ಕೇಳಿದ್ದು ನನಗೆ ಗೊತ್ತಿಲ್ಲ. ಯಾರಿಗಾಗಿ ಇಷ್ಟೆಲ್ಲ ನಡೆಯುತ್ತಿತ್ತೋ ಅವನನ್ನು ಒಳಗಿನ ಕೋಣೆಗೆ ಹಾಕಿ ಚಿಲಕ ಜಡಿದಿರುತ್ತಿದ್ದರು.

ಒಂದು ಭಾನುವಾರ ಚಿಲಕ ಹಾಕುವುದು ಮರೆತಿತ್ತೇನೋ. ಅವತ್ತು ಬಂದವರು ಸಿಟಿ ಬಸ್ಸಿನ ಡ್ರೈವರ್ ಒಬ್ಬರು, ಅವರ ಹೆಂಡತಿ. ಗಂಡ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಾಗ ಪುಟ್ಟ ಅಂಗಿಯ ಗುಂಡಿಗಳನ್ನು ಮೇಲೆಕೆಳಗೆ ಹಾಕಿಕೊಂಡು ಹೊರಗೆ ಬಂದ. ಆಕೆ ಅಮ್ಮನ ಜೊತೆ ಆಡುತ್ತಿದ್ದ ಮಾತು ನಿಲ್ಲಿಸಲೂ ಇಲ್ಲ, ಅವನನ್ನು ಹತ್ತಿರಕ್ಕೆಳೆದು ಗುಂಡಿ ಬಿಚ್ಚಿ ಸರಿಯಾಗಿ ಹಾಕಿದರು. ಅವನು ಅಲ್ಲೇ ಕೂತ. ಆಕೆ ಉಪ್ಪಿಟ್ಟು ತಿಂದರು, ಅವನೂ ತಿಂದ.

“ಆಂಟಿ, ನಾಳೆ ಬರ್ತೀರಾ?” ಅಂತ ಕೇಳಿದ. ಪುಟ್ಟ ಹೊಸಬರ ಹತ್ತಿರ ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅವರು ಹೋದ ಮೇಲೆ ಅಮ್ಮ, ಇನ್ನು ಬೋರ್ಡು ಬಿಚ್ಚಬಹುದಲ್ಲ ಎಂದಳು. ಯಜಮಾನರು ಮುಖ ಸಿಂಡರಿಸಿದರು. ಜನ ಒಳ್ಳೆಯವರೇ, ಆದರೆ ಮಾಂಸ ತಿನ್ನುವವರಂತೆ. ಈ ಮನೆಯಲ್ಲಿ ಬೇಯಿಸುವುದಿಲ್ಲ ಎಂದು ಆಕೆ ತಾವಾಗಿಯೇ ಹೇಳಿದರಲ್ಲ ಎಂದು ಅಮ್ಮ ನೆನಪಿಸಿದಳು.

“ಬೇಯ್ಸದೇ ಇರ್ಬೋದು ಕಣಮ್ಮ. ಬಡಿಸೋ ಕೈ ಅದೇ ತಾನೆ?” ಎಂದರು ಆ ಮಹಾನುಭಾವರು.

ಕೊನೆಗೆ ಅವರಿಗೆ ಬೇಕಾದವರೇ ಸಿಕ್ಕರು. ‘ನಮ್ಮವರೇ’ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಯಜಮಾನರು ಬದುಕಿರುವವರೆಗೆ ಆ ನಮ್ಮವರು ಪುಟ್ಟನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಉಂಡರು. ಒಂದು ಬೆಳಿಗ್ಗೆ ಎದೆನೋವೆಂದು ಮಲಗಿದ ಯಜಮಾನರು ಮತ್ತೆ ಏಳಲಿಲ್ಲ. ವೈಕುಂಠ ಸಮಾರಾಧನೆಯ ಎಲೆ ಎತ್ತಿದ ಮೇಲೆ ಪುಟ್ಟನ ತಟ್ಟೆ ಊಟದ ಮನೆಯಿಂದ ವರಾಂಡಕ್ಕೆ ಬಂತು. ಆಮೇಲೆ ಮೆಟ್ಟಿಲ ಮೇಲೆ. ಊಟ ಹಾಕುತ್ತೇವೆ ಎಂದು ಒಪ್ಪಿದ್ದರು, ಹಾಕುತ್ತಿದ್ದರು, ಅಷ್ಟೆ. ನಾಚಿಕೆಗೆಟ್ಟ ಜನ. ಸಂಜೆ ಅಮ್ಮ ಹೋಗಿ ನೋಡಿದರೆ ತಟ್ಟೆಯ ತುಂಬ ಇರುವೆ.

ಅಮ್ಮ ಅವನನ್ನು ನಮ್ಮ ಮನೆಗೆ ಕರೆತಂದು ಎದುರಿಗೆ ಕೂತು ಉಣ್ಣಿಸಿದಳು. ನಾವು ಆರು ಜನ ಎರಡು ಕೋಣೆಯಲ್ಲಿದ್ದೆವು, ಎಷ್ಟು ದಿನ ನಡೆದೀತು... ಬಸ್ ಡಿಪೋದಲ್ಲಿ ವಿಚಾರಿಸಿ ಆ ಡ್ರೈವರ್ ಸಂಸಾರ ಮಲ್ಲತ್ತಹಳ್ಳಿಯಲ್ಲಿದೆ ಎಂದು ಪತ್ತೆ ಮಾಡಿದಳು. ಆಕೆ ಮಾರನೆಯ ದಿನವೇ ಬಂದರು. ಮನೆ ಬೇಡ, ದುಡ್ಡು ಬೇಡ, ಹುಡುಗ ನಮ್ಮ ಮಕ್ಕಳ ಜೊತೆ ಇರಲಿ ಎಂದರು.

ಅಷ್ಟರಲ್ಲಿ ಊರಿಂದ ಯಜಮಾನರ ಅಣ್ಣನ ಮಗ ಬಂದಿದ್ದ. ಪುಟ್ಟನಿಗೆ ಹತ್ತಿರದವರೆಂದರೆ ಇನ್ನು ಇವನೇ. ಅಮ್ಮ ಹಿಂದಿನದೆಲ್ಲ ಹೇಳಿ, ಪುಟ್ಟನನ್ನು ಆಕೆಯ ಜೊತೆ ಕಳಿಸು ಎಂದಳು. ಅವನು ಒರಟನಲ್ಲ, ಬಹಳ ವಿನಯದಿಂದಲೇ ಮಾತಾಡಿದ.

“ನಮ್ಮ ಚಿಕ್ಕಪ್ಪನೇ ಬೇಡ ಅಂದ ಮನೆ ಆಂಟಿ ಅದು. ಅವ್ರು ಬೇಡ ಅಂದ್ಮೇಲೆ ನಾನು ಹೇಗೆ ಕಳಿಸ್ಲಿ?”

ಅದು ನಿಜವೇ ಆಗಿತ್ತು. ಯಜಮಾನರು ಸತ್ತ ಮೇಲೂ ಹಟ ಗೆದ್ದರು. ಅವನು ಪುಟ್ಟನನ್ನು ಊರಿಗೆ ಕರೆದುಕೊಂಡು ಹೋದ. ವರ್ಷ ತುಂಬುವುದರೊಳಗೆ ಪುಟ್ಟ ಹೋಗಿಬಿಟ್ಟನೆಂಬ ಸುದ್ದಿ ಬಂತು. ಊಟ ಬಿಟ್ಟಿದ್ದನಂತೆ.

ಯಜಮಾನರಿಗೆ ಮಗನ ಮೇಲೆ ಪ್ರೀತಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು, ಬೇಕಾದಷ್ಟಿತ್ತು. ಅದಕ್ಕೇ ನನಗೆ ಅವರನ್ನು ಇನ್ನೂ ಕ್ಷಮಿಸಲು ಆಗುವುದಿಲ್ಲ. ಸತ್ತವರ ಮೇಲೆ ಯಾಕೆ ಸಿಟ್ಟು ಎಂದು ಗದರುತ್ತಿದ್ದ ಅಮ್ಮನೂ ಈಗಿಲ್ಲ.

ಹೋದ ವರ್ಷ ಒಂದು ಮದುವೆಮನೆಯಲ್ಲಿ ಆ ಡ್ರೈವರ್ ಹೆಂಡತಿ ಸಿಕ್ಕಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನ ಗುರುತು ಹತ್ತಿದ ಕೂಡಲೇ ಪುಟ್ಟ ಹೇಗಿದ್ದಾನೆ ಎಂದು ಕೇಳಿದರು. ಇಷ್ಟು ವರ್ಷವೂ ಆಕೆಗೆ ಯಾರೂ ತಿಳಿಸಿರಲಿಲ್ಲ. ನಾನೇ ಹೇಳಬೇಕಾಯಿತು.