ಬೀಗರು ಬರುವ ದಿನ ಹುಲ್ಲು ಕತ್ತರಿಸಿದ್ದು

ಬೀಗರಾಗಬೇಕಾದವರು ಮೊದಲ ಸಲ ನಮ್ಮ ಮನೆಗೆ ಬರುವ ಭಾನುವಾರ ನಾನು ಬೆಳಗಿನಿಂದ ಹುಲ್ಲು ಕತ್ತರಿಸುತ್ತಿದ್ದೆ. ಪುಣೆಯ ವಾಕಡದಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗಿಡ-ಹುಲ್ಲು ನೋಡಿಕೊಳ್ಳುವ ಮಾಳಿ ರಜೆ ಹಾಕಿ ಊರಿಗೆ ಹೋಗಿದ್ದ. ಗೇಟಿನಿಂದ ಒಳಗೆ ಬರುವ ದಾರಿಯ ಎರಡೂ ಬದಿಗೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಹುಡುಗನ ಕಡೆಯವರು ಅದನ್ನು ಕಂಡರೆ ನಮ್ಮ ಮರ್ಯಾದೆ ಏನಾಗಬೇಕು?

"ಅವರು ಹುಡುಗಿ ನೋಡ್ಲಿಕ್ಕೆ ಬರ್ತಾರ್ರಿ, ಹುಲ್ಲ ನೋಡ್ಲಿಕ್ಕಲ್ಲ," ಎಂದಳು ಹೆಂಡತಿ. ಯಾರಾದರೂ ಬೇಡ ಎಂದರೆ ಆ ಕೆಲಸ ಮಾಡಿಯೇ ತೀರಬೇಕು, ಅದು ನನ್ನ ಹುಟ್ಟುಗುಣ.

ಪಂಪ್ ರೂಮಿನಲ್ಲಿ ಸೊಸೈಟಿಯ ಹುಲ್ಲು ಕತ್ತರಿಸುವ ಪೆಟ್ರೋಲ್ ಮಷಿನ್ ಇತ್ತು. ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಬೀಸುತ್ತ ಹೋಗಬೇಕು. ಪಕ್ಕದ ಮೊಳೆಗೆ ಮಾಳಿಯ ಕೈಗವಸು, ಕಿವಿ ಮುಚ್ಚಿಕೊಳ್ಳುವ ದೊಡ್ಡ ಹೆಡ್‌ಫೋನಿನಂಥದ್ದು ತೂಗುಬಿದ್ದಿದ್ದವು. ಅದನ್ನು ಹಾಕಿಕೊಂಡರೆ ಈ ವಯಸ್ಸಿನಲ್ಲಿ ಹಾಡು ಕೇಳುತ್ತ ಕುಣಿಯುತ್ತಾನೆ ಅನ್ನುತ್ತಾರೆಂದು ಬಿಟ್ಟೆ. ಕೈಗವಸು ಬೆವರು ನಾರುತ್ತಿತ್ತು, ಅದನ್ನೂ ಬಿಟ್ಟೆ. ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಜೀವಮಾನ ಕಳೆದವನಿಗೆ ಕೈಯಲ್ಲಿ ಯಂತ್ರ ಗುಡುಗುವುದೇ ಒಂದು ಮಜಾ. ಮಧ್ಯಾಹ್ನದ ಹೊತ್ತಿಗೆ ಮಷಿನ್ ಆರಿಸಿದೆ. ಕಿವಿಯೊಳಗೆ ಮಾತ್ರ ಅದು ನಿಲ್ಲಲಿಲ್ಲ. ಬೆರಳುಗಳು ಜುಮುಜುಮು ಎನ್ನುತ್ತಿದ್ದವು. ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನೇ ಕರೆಯಬೇಕಾಯಿತು.

ಮಗಳಿಗೆ ಹುಡುಗ ಆಗಲೇ ಮನಸ್ಸಿಗೆ ಬಂದಿದ್ದ. ಬಾಕಿ ಇದ್ದದ್ದು ಹಿರಿಯರ ಒಪ್ಪಿಗೆ. "ಅಪ್ಪಾ, ಇವತ್ತೊಂದಿನ ಸಿಟ್ಟ ಮಾಡ್ಕೋಬ್ಯಾಡ," ಎಂದು ಕೇಳಿಕೊಂಡಿದ್ದಳು.

ಊರಿನ ಆಚೆ ತುದಿಯ ವಿಮಾನ ನಗರದಿಂದ ಹುಡುಗ, ಅವನ ತಂದೆತಾಯಿ ಬಂದರು. ನಮ್ಮವರೇ, ವಿಜಯಪುರದ ಕಡೆಯವರು. ಪುಣೆಯ ರೂಢಿಯಂತೆ ಈರುಳ್ಳಿ ಹಾಕಿದ ಅವಲಕ್ಕಿ, ಅಂದರೆ ಕಾಂದೇ ಪೋಹೆ, ನಮ್ಮ ರೂಢಿಯಂತೆ ಶಿರಾ, ಆಮೇಲೆ ಚಹಾ. ಬೀಗರಿಗೆ ಮೊದಲ ಕಪ್ಪು ಮನೆಯ ಯಜಮಾನನೇ ಕೊಡಬೇಕೆಂಬುದು ನಮ್ಮ ಮನೆತನದ ಪದ್ಧತಿ. ನಾನು ಕಪ್ಪು-ಬಶಿ ಎತ್ತಿದೆ. ಅದು ಕಟಕಟ ಹಲ್ಲು ಕಡಿಯತೊಡಗಿತು. ಅರ್ಧ ಚಹಾ ಬಶಿಗೆ ಹೋಯಿತು, ಉಳಿದರ್ಧ ಬೀಗರ ಪ್ಯಾಂಟಿಗೆ. "ಬಿಸಿ ಅದ ಏನ್ರಿ?" ಎಂದು ನಾನು ಕೇಳಿದ್ದು ಕೆಳಗಿನ ವಾಚಮನ್‌ಗೂ ಕೇಳಿಸಿರಬೇಕು.

ಹುಡುಗನ ತಾಯಿ ಗಂಡನ ಮುಖ ನೋಡಿದರು. ಗಂಡ ಮೊಬೈಲಿನಲ್ಲಿ ಏನೋ ಫೋಟೋ ತೋರಿಸುವ ನೆಪದಲ್ಲಿ ನನ್ನ ಪಕ್ಕಕ್ಕೆ ಸರಿದರು. ಫೋಟೋ ಎಲ್ಲೋ ಇತ್ತು, ಅವರ ಮೂಗು ನನ್ನ ಬಾಯಿಯ ಹತ್ತಿರ ಇತ್ತು. ನನಗೆ ಪಿತ್ತ ನೆತ್ತಿಗೇರಿತು.

"ಏನ್ರಿ, ವಾಸನಿ ನೋಡ್ಲಿಕತ್ತೀರೇನು? ನಾ ಕುಡ್ಯಾಂವಲ್ರಿ! ಹುಲ್ಲ ಕತ್ತರಿಸೀನಿ!"

ಇಂಥ ಮಾತು ಕುಡಿದವನೇ ಆಡುವುದು. ಮಗಳು ಅಡುಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅವಳನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ಅಂಗಡಿಯಲ್ಲಿ ಒಬ್ಬ ಗಿರಾಕಿ ಎದ್ದುಹೋದರೆ ಇನ್ನೊಬ್ಬ ಬರುತ್ತಾನೆ. ಅವಳಿಗೆ ಬೇಕಾದ ಹುಡುಗ ಇವನೊಬ್ಬನೇ.

"ಕೆಳಗ ಬರ್ರಿ, ತೋರಸ್ತೀನಿ," ಎಂದು ಬೀಗರನ್ನು ಎಬ್ಬಿಸಿಕೊಂಡು ಹೋದೆ. ಕಾಂಪೌಂಡಿನ ಹಿಂದೆ ಇನ್ನೂ ಒಂದಿಷ್ಟು ಹುಲ್ಲು ಉಳಿದಿತ್ತು. ಮಷಿನ್ ಅವರ ಹೆಗಲಿಗೆ ಹಾಕಿದೆ. "ಸ್ವಲ್ಪ ಹಿಡೀರಿ, ಆಮ್ಯಾಲೆ ನಿಮ್ಮ ಕೈ ನೀವಽ ನೋಡ್ಕೋರಿ." ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಮೊದಲು ಅಂಜುತ್ತಲೇ ಹಿಡಿದರು, ಆಮೇಲೆ ಬಿಡಲೇ ಇಲ್ಲ. ಸಾಕ್ರಿ, ಸಾಕ್ರಿ ಎಂದು ನಾನು ಕೂಗಿದ್ದೇ ಬಂತು. ಅವರು ನಿಲ್ಲಿಸಿದ್ದು ಪೆಟ್ರೋಲ್ ತೀರಿದ ಮೇಲೆಯೇ.

ಮೇಲೆ ಬಂದು ಕೂತೆವು. ಹೆಂಡತಿ ಎರಡನೇ ಸಲ ಚಹಾ ತಂದಳು. ಈಗ ಬೀಗರ ಬಶಿಯೂ ಕಟಕಟ ಎಂದಿತು. "ಚಹಾ ಭಾಳ ಛಲೋ ಆಗ್ಯದ!" ಎಂದು ಅವರು ಕಿರುಚಿದ ರಭಸಕ್ಕೆ ಅವರ ಮಗನೇ ಬೆಚ್ಚಿಬಿದ್ದ.

ಹುಡುಗನ ತಾಯಿ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. "ನಮ್ಮವರು ಹನಿ ಸೈತ ಮುಟ್ಟಾಂಗಿಲ್ಲ. ಈಗ ನೋಡ್ರಿ ಅವತಾರ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಡನ ಕೈಯಿಂದ ಕಪ್ಪು ಕಸಿದು ನನ್ನ ಮಗಳನ್ನು ಕರೆದರು. "ಬಾರವಾ, ನೀನಽ ಹಿಡಿದು ಕುಡಸು. ಇನ್ನಮ್ಯಾಲೆ ಇವರು ನಿನ್ನ ಮಾವ."

ಮಗಳು ಬಂದು ಕಪ್ಪು ತೆಗೆದುಕೊಂಡಳು. ಮಷಿನ್ ಮುಟ್ಟಿಯೇ ಇರದ ಅವಳ ಕೈ ನಮ್ಮಿಬ್ಬರ ಕೈಗಿಂತಲೂ ಹೆಚ್ಚು ನಡುಗುತ್ತಿತ್ತು.