ಗೋದಲಿಯ ಮಾಡಿನಲ್ಲಿ ತೊಗಟೆಹುಳ

ಒಮಾನಿನ ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ನಾನು ಉಗ್ರಾಣ ನೋಡಿಕೊಳ್ಳುತ್ತಿದ್ದ ಕಾಲ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ವರ್ಷ ಕ್ರಿಸ್ಮಸ್ಸಿಗೆ ಸ್ವಲ್ಪ ಮೊದಲು ಆಸ್ಟ್ರಿಯಾದಿಂದ ಒಂದು ದೊಡ್ಡ ಯಂತ್ರ ಹಡಗಿನಲ್ಲಿ ಬಂತು. ಅದನ್ನು ಜೋಡಿಸಿಕೊಡಲು ಒಬ್ಬ ಎಂಜಿನಿಯರ್ ವಿಮಾನದಲ್ಲಿ ಬಂದರು. ಮಾಲಕರು ಯಂತ್ರಕ್ಕೆ ಕಾಯುತ್ತಿದ್ದರು, ಮ್ಯಾನೇಜರು ಎಂಜಿನಿಯರಿಗೆ ಕಾಯುತ್ತಿದ್ದರು. ನಾನು ಕಾಯುತ್ತಿದ್ದದ್ದು ಯಂತ್ರ ಕೂತು ಬಂದ ಮರದ ಪೆಟ್ಟಿಗೆಗೆ.

ಮಸ್ಕತ್ತಿನಲ್ಲಿ ಸಂಸಾರ ಹೂಡಿದ ನನ್ನಂಥವರಿಗೆ ಪೆಟ್ಟಿಗೆಯ ಹಲಗೆ ಎಂದರೆ ಪ್ರಾಣ. ಅಲ್ ಗುಬ್ರಾದ ನಮ್ಮ ಫ್ಲಾಟಿನಲ್ಲಿ ಚಪ್ಪಲಿ ಗೂಡು, ಮಸಾಲೆ ಡಬ್ಬಿಗಳ ಶೆಲ್ಫು, ಇಸ್ತ್ರಿ ಮಾಡುವ ಮೇಜು ಎಲ್ಲವೂ ಯಾವುದೋ ದೇಶದ ಯಾವುದೋ ಯಂತ್ರವನ್ನು ಹೊತ್ತು ಬಂದವೇ. ಆದರೆ ಈ ಸಲದ ಪೆಟ್ಟಿಗೆಯಲ್ಲಿ ಒಂದು ವಿಶೇಷ ಕಂಡಿತು. ಕೆಲವು ಹಲಗೆಗಳ ಅಂಚಿನಲ್ಲಿ ತೊಗಟೆ ಹಾಗೇ ಉಳಿದಿತ್ತು. ಒರಟಾದ, ಕೆಂಗಂದು ಬಣ್ಣದ, ಕಾಡಿನ ವಾಸನೆಯ ತೊಗಟೆ. ನೋಡಿದ ಕೂಡಲೇ ಅಂದುಕೊಂಡೆ: ಗೋದಲಿಯ ಮಾಡು!

ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಅದನ್ನು ಕಟ್ಟುತ್ತೇವೆ. ಭಕ್ತಿ ಉಂಟು, ಇಲ್ಲವೆನ್ನುವುದಿಲ್ಲ. ಭಕ್ತಿಯ ಜೊತೆ ಪಕ್ಕದ ಮನೆಯವರ ಹೊಟ್ಟೆ ಉರಿಸುವ ಆಸೆಯೂ ಉಂಟು. ಹಿಂದಿನ ವರ್ಷ ಮೇಲಿನ ಫ್ಲಾಟಿನವರು ಥರ್ಮಾಕೋಲಿನ ಗುಡ್ಡ ಮಾಡಿ, ಮೋಟಾರು ಇಟ್ಟು ಜಲಪಾತ ಹರಿಸಿದ್ದರು. ಆ ನೀರಿನ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಮಾಡಿಗೆ, ಅಂದರೆ ಚಾವಣಿಗೆ, ಆಸ್ಟ್ರಿಯಾದ ತೊಗಟೆ ಹೊದೆಸಿದ ನನ್ನ ಕೊಟ್ಟಿಗೆ ನಿಜಕ್ಕೂ ಚೆನ್ನಾಗಿ ಬಂತು. ಮೇಲಿನ ಫ್ಲಾಟಿನವರು ಬಂದು ನೋಡಿ, ಏನೂ ಹೇಳದೆ ಹೋದರು. ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕೇ?

ತೊಂದರೆಯನ್ನು ಮೊದಲು ಕಂಡವಳು ಏಳು ವರ್ಷದ ಮಗಳು. ಅವಳು ನಮ್ಮ ಯಾವ ಮಾತಿಗೂ ಇಂಗ್ಲಿಷಿನಲ್ಲೇ ಉತ್ತರಿಸುವವಳು.

“ಡ್ಯಾಡಿ, ದ ಕೌ ಹ್ಯಾಸ್ ಡ್ಯಾಂಡ್ರಫ್.”

ಹೋಗಿ ನೋಡಿದರೆ ಮಣ್ಣಿನ ದನದ ಬೆನ್ನ ಮೇಲೆ ಕಾಫಿಪುಡಿಯಂಥ ಧೂಳು. ಒರೆಸಿದೆ. ಮರುದಿನ ಮತ್ತೆ ಬಿದ್ದಿತ್ತು; ಈ ಸಲ ಸಂತ ಜೋಸೆಫರ ತಲೆಯ ಮೇಲೂ. ಆಮೇಲೆ ಅಡುಗೆಮನೆಯಿಂದ ಹೆಂಡತಿ ಕೂಗಿದಳು.

“ಇಲ್ಲಿ ಬನ್ನಿ ಒಮ್ಮೆ. ಜೀರಿಗೆ ನಡೀತಾ ಉಂಟು.”

ನಮ್ಮ ಮನೆಮಾತು ಕೊಂಕಣಿ. ಕನ್ನಡಕ್ಕೆ ತರುವಾಗ ಅವಳ ಮಾತಿನ ಹರಿತ ಅರ್ಧ ಕಮ್ಮಿಯಾಗುತ್ತದೆ, ಓದುವವರು ಸೇರಿಸಿಕೊಳ್ಳಬೇಕು. ಜೀರಿಗೆ ನಿಜಕ್ಕೂ ನಡೆಯುತ್ತಿತ್ತು. ಕಪ್ಪುಗಂದು ಬಣ್ಣದ, ಮೈತುಂಬ ಸಣ್ಣ ರೋಮವಿದ್ದ ಹುಳಗಳು. ನಮ್ಮ ಚಳಿಗಾಲದ ಬಿಸಿಲನ್ನು ತಮ್ಮೂರಿನ ವಸಂತ ಅಂದುಕೊಂಡು ಎದ್ದಿದ್ದವೋ ಏನೋ.

ಹಬ್ಬದ ದಿನ ಮಧ್ಯಾಹ್ನ ಎಂಜಿನಿಯರರನ್ನು ಊಟಕ್ಕೆ ಕರೆದಿದ್ದೆವು. ಪಾಪ, ಹೋಟೆಲಿನಲ್ಲಿ ಒಂಟಿ. ಐವತ್ತು ದಾಟಿದ, ಎತ್ತರದ, ನಗು ಎಂದರೆ ಏನೆಂದು ಕೇಳುವಂಥ ಮುಖದ ಮನುಷ್ಯ. ಇಡ್ಲಿಯಂಥ ಸನ್ನಾಸು, ಹಂದಿಮಾಂಸ ಸಿಗದ್ದಕ್ಕೆ ಕೋಳಿ ಎಲ್ಲ ಮೇಜಿಗೆ ಬರುವಷ್ಟರಲ್ಲಿ ಅವರನ್ನು ಗೋದಲಿಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ನಿಮ್ಮ ದೇಶದ್ದೇ ಮರ ಎಂದು ಹೆಮ್ಮೆಯಿಂದ ಹೇಳಿದೆ.

ಅವರು ಬಗ್ಗಿದರು. ದನದ ಬೆನ್ನಿನ ಧೂಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಜೇಬಿನಿಂದ ಚಾಕು ತೆಗೆದು, ಕೇಳದೆಯೇ ಮಾಡಿನ ಒಂದು ತೊಗಟೆಯನ್ನು ಎಬ್ಬಿಸಿದರು. ಒಳಮೈಯಲ್ಲಿ ಉದ್ದಕ್ಕೆ ಒಂದು ಗೀರು, ಅದರ ಎರಡೂ ಬದಿಗೆ ಸಾಲಾಗಿ ಸಣ್ಣ ಗೀರುಗಳು. ಜರಿಹುಳವೊಂದನ್ನು ಅಚ್ಚು ಒತ್ತಿದ ಹಾಗೆ. ಅವರ ಮುಖ ಬಿಳಿಚಿತು.

“ಇದನ್ನು ಈಗಲೇ ಸುಡಬೇಕು” ಎಂದರು.

“ಊಟ ಆದ ಮೇಲೆ ಆಗದಾ?” ಎಂದೆ.

“ಆಗುವುದಿಲ್ಲ. ಇವು ಹಾರುತ್ತವೆ. ಒಂದು ಹುಳ ಸೂಜಿಯೆಲೆಯ ಮರ ಹೊಕ್ಕರೆ ವಾಸನೆ ಬಿಟ್ಟು ಊರಿನ ಹುಳವನ್ನೆಲ್ಲ ಕರೆಯುತ್ತದೆ. ಕಾಡೇ ಹೋಗುತ್ತದೆ.”

ಕಿಟಕಿಯಾಚೆ ಉಪ್ಪುನೀರನ್ನು ಸಿಹಿ ಮಾಡುವ ಸ್ಥಾವರದ ಚಿಮಣಿಗಳು ಕಾಣುತ್ತಿದ್ದವು. ಕಾಡು ಎಲ್ಲಿಂದಲೂ ಕಾಣುತ್ತಿರಲಿಲ್ಲ. ಆದರೂ ಆ ಮುಖದ ಎದುರು ವಾದ ಮಾಡುವ ಧೈರ್ಯ ನನಗೆ ಬರಲಿಲ್ಲ. ಹೆಂಡತಿಗೆ ಬಂತು.

“ಹಬ್ಬದ ದಿನ ದೇವರ ಮನೆ ಸುಡುವುದಾ? ಬಾಲಯೇಸುವನ್ನು ಕೊಲ್ಲಲು ಹೊರಟ ಹೆರೋದ ರಾಜನಿಗೂ ಇಷ್ಟು ಅರ್ಜೆಂಟ್ ಇರ್ಲಿಲ್ಲ!”

ಕೊನೆಗೆ ಒಪ್ಪಂದವಾಯಿತು. ಬಾಲಯೇಸು, ತಂದೆ ತಾಯಿ, ದನ, ಕತ್ತೆ, ಕುರುಬರು ಎಲ್ಲರಿಗೂ ಟಿವಿಯ ಮೇಲೆ ಜಾಗ ಸಿಕ್ಕಿತು. ಕೊಟ್ಟಿಗೆಯನ್ನು ಹಾಸಿಗೆಯ ಚಾದರದಲ್ಲಿ ಬಿಗಿಯಾಗಿ ಸುತ್ತಿ ನಾನೂ ಎಂಜಿನಿಯರರೂ ಹೆಣ ಇಳಿಸುವವರ ಹಾಗೆ ಮೆಟ್ಟಿಲಿಳಿದೆವು.

ಕೆಳಗೆ ಉಳ್ಳಾಲದ ಬ್ಯಾರಿಯೊಬ್ಬರ, ಅಂದರೆ ನಮ್ಮ ಕರಾವಳಿಯ ಮುಸ್ಲಿಮರೊಬ್ಬರ, ದಿನಸಿ ಅಂಗಡಿ. ಅವರು ಮಧ್ಯಾಹ್ನಕ್ಕೆ ಶಟರು ಎಳೆಯುತ್ತಿದ್ದವರು ನಮ್ಮನ್ನು ನೋಡಿ ನಿಂತರು.

“ಎಂತ ಪೊರ್ಬುಗಳೇ, ಚಾದರದಲ್ಲಿ ಯಾರು?”

ಪೊರ್ಬು ಎಂದರೆ ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ಹೆಸರು. ವಿಷಯ ಹೇಳಿದೆ. ಅವರಿಗೆ ಹುಳದಲ್ಲಿ ಆಸಕ್ತಿ ಹುಟ್ಟಲಿಲ್ಲ, ಬೆಂಕಿಯಲ್ಲಿ ಹುಟ್ಟಿತು. “ಟೆರೇಸಿನಲ್ಲಿ ಕಡ್ಡಿ ಗೀರಿದ್ರೆ ಪೊಲೀಸು ಬರ್ತದೆ. ಬೀಚಿಗೆ ಹೋಗುವ, ಯಲ್ಲಾ” ಎಂದು ಪಿಕಪ್ ಹೊರಡಿಸಿದರು. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ, ಕೈಯಲ್ಲಿ ಅಂಜಲ್ ಮೀನು ಹಿಡಿದುಕೊಂಡು ಬಂದರು. “ಸುಮ್ನೆ ಬೆಂಕಿ ಯಾಕೆ ಹಾಳು ಮಾಡುವುದು?”

ಗುಬ್ರಾದ ಸಮುದ್ರತೀರದಲ್ಲಿ ಕೊಟ್ಟಿಗೆ ಚಟಪಟ ಎಂದು ಸಿಡಿಯುತ್ತ ಉರಿಯಿತು. ಎಂಜಿನಿಯರ್ ಕೋಲು ಹಿಡಿದು, ತಪ್ಪಿಸಿಕೊಂಡ ಹುಳಗಳನ್ನು ಒಂದೊಂದಾಗಿ ಹುಡುಕಿ ಬೆಂಕಿಗೆ ತಳ್ಳುತ್ತಿದ್ದರು. ಅದೇ ಬೆಂಕಿಯ ಇನ್ನೊಂದು ತುದಿಯಲ್ಲಿ ಬ್ಯಾರಿಗಳು ಮೀನು ಸುಡುತ್ತಿದ್ದರು. ಹೊಗೆ ಕಂಡು ಪಕ್ಕದಲ್ಲಿ ಚಾಪೆ ಹಾಸಿ ಕೂತಿದ್ದ ಒಂದು ಒಮಾನಿ ಕುಟುಂಬವೂ ಸಲಾಂ ಹೇಳಿ ತಮ್ಮ ಮೀನು ತಂದಿಟ್ಟಿತು. ಮರದ ರಾಳದ ಹೊಗೆ ಕುಡಿದ ಮೀನು ಫಿನಾಯಿಲ್ ಹಾಕಿ ಒರೆಸಿದ ನೆಲದ ಹಾಗಿತ್ತು. ಎಲ್ಲರೂ ಮರ್ಯಾದಸ್ಥರು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಗಿಸಿದೆವು.

“ಇಲ್ಲಿಗೆ ಹತ್ತಿರದ ಸೂಜಿಯೆಲೆ ಮರದ ಕಾಡು ಎಲ್ಲಿದೆ?” ಎಂದು ಎಂಜಿನಿಯರ್ ಕೇಳಿದರು. ನಾನು ಅನುವಾದಿಸಿದೆ.

ಬ್ಯಾರಿಗಳು ಮುಳ್ಳು ತೆಗೆಯುತ್ತ ಯೋಚಿಸಿದರು. “ಕಾಡು ಅಂದ್ರೆ... ಚಾರ್ಮಾಡಿಯಲ್ಲಿ ಉಂಟು.”

ಸರಿಯಾದ ಉತ್ತರ ಸಿಕ್ಕಿದ್ದು ಆಫೀಸಿನಲ್ಲಿ. ನಮ್ಮ ವೀಸಾ ಕೆಲಸ ನೋಡುತ್ತಿದ್ದ ಒಮಾನಿ ಗೆಳೆಯ ಅಲ್ ಹಮ್ರಾ ಕಡೆಯವನು. ಜಬಲ್ ಶಮ್ಸ್ ಬೆಟ್ಟದ ನೆತ್ತಿಯಲ್ಲಿ ಅಂಥ ಮರಗಳಿವೆ, ತನ್ನ ಅತ್ತೆಯ ಮೇಕೆಗಳು ಅವುಗಳ ನೆರಳಲ್ಲೇ ಮಲಗುವುದು ಎಂದ. ಎಂಜಿನಿಯರ್ ಕುರ್ಚಿಯಿಂದ ಎದ್ದೇಬಿಟ್ಟರು. ಅಷ್ಟು ದೂರದ ಕಲ್ಲುಬೆಟ್ಟಕ್ಕೆ ನಮ್ಮ ಮನೆಯ ಹುಳ ಹೋಗಬೇಕಾದರೆ ಅದಕ್ಕೂ ಲ್ಯಾಂಡ್ ಕ್ರೂಸರೇ ಬೇಕು ಎಂದು ಗೆಳೆಯ ಹಿಂದಿಯಲ್ಲಿ ನಕ್ಕ. ಎಂಜಿನಿಯರ್ ನಗಲಿಲ್ಲ. ಮುಂದಿನ ಶುಕ್ರವಾರ ಅವನದೇ ಲ್ಯಾಂಡ್ ಕ್ರೂಸರಿನಲ್ಲಿ ಹೊರಟೆವು. ನನ್ನ ಹೆಂಡತಿಯೂ ಬಂದಳು, ಮಡಿಲಲ್ಲಿ ಕುಸ್ವಾರಿನ ಡಬ್ಬ. ಕುಸ್ವಾರ್ ಎಂದರೆ ನಮ್ಮ ಕ್ರಿಸ್ಮಸ್ ತಿಂಡಿಗಳು: ನೆವ್ರಿ, ಕಿಡಿಯೊ, ಚಕ್ಕುಲಿ.

ಬೆಟ್ಟದ ಮಣ್ಣುದಾರಿಯಲ್ಲಿ ಎಲುಬುಗಳೆಲ್ಲ ಜಾಗ ಬದಲಿಸಿದ ಮೇಲೆ ಮರಗಳು ಕಂಡವು. ಕಾಡು ಎನ್ನಲಾಗದು. ಒಂದರಿಂದ ಒಂದು ದೂರ ನಿಂತ ಜುನಿಪರ್ ಮರಗಳು. ಮೈ ತಿರುಚಿಕೊಂಡು, ಅರ್ಧ ಹಸಿರು, ಅರ್ಧ ಬೂದು. ಕೆಲವು ಪೂರ್ತಿ ಒಣಗಿದ್ದವು. ಎಂಜಿನಿಯರ್ ಓಡಿಹೋಗಿ ಒಣಮರದ ಮುಂದೆ ಮೊಣಕಾಲೂರಿ ಚಾಕು ತೆಗೆದರು. ಕಳಚಿದ ಸಿಪ್ಪೆಯನ್ನು ಎತ್ತಿ ನೋಡುವುದು, ಇನ್ನೊಂದು ಮರಕ್ಕೆ ಹೋಗುವುದು.

ಅಷ್ಟರಲ್ಲಿ ಮೇಕೆಗಳ ಹಿಂಡಿನೊಂದಿಗೆ ಗೆಳೆಯನ ಅತ್ತೆ ಬಂದಳು. ಬಣ್ಣಬಣ್ಣದ ಉಡುಗೆಯ, ದೊಡ್ಡ ದನಿಯ ಮುದುಕಿ. ನಮ್ಮೆಲ್ಲರ ಕ್ಷೇಮ ಕೇಳಿ ಮುಗಿಸಿ, ಮೊಣಕಾಲೂರಿದ ಮನುಷ್ಯನನ್ನು ತೋರಿಸಿ ಏನೋ ಅಂದಳು. ಗೆಳೆಯ ಹಿಂದಿಯಲ್ಲಿ ನನಗೆ, ನಾನು ಇಂಗ್ಲಿಷಿನಲ್ಲಿ ಅವರಿಗೆ.

“ಏನು ಹುಡುಕುತ್ತಿದ್ದಾನೆ ಎಂದು ಕೇಳುತ್ತಿದ್ದಾಳೆ.”

“ಹುಳ ಎಂದು ಹೇಳಿ.”

“ಯಾಕೆ, ಇವನ ದೇಶದಲ್ಲಿ ಹುಳ ಇಲ್ಲವಾ, ಇಷ್ಟು ದೂರ ಬರಲಿಕ್ಕೆ?”

ಎಂಜಿನಿಯರ್ ಚಾಕು ಮಡಚಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಅವರು ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು. “ಇದೆ. ಬೇಕಾದಷ್ಟು ಇದೆ” ಎಂದು ಬಂಡೆಯ ಮೇಲೆ ಕೂತರು.

ಕೂತು ಹೇಳಿದರು. ಅವರ ತಂದೆಗೆ ಮನೆಯ ಹಿಂದೆ ಸೂಜಿಯೆಲೆಯ ಸ್ಪ್ರೂಸ್ ಮರಗಳ ಕಾಡಿತ್ತು. ಒಂದು ಚಳಿಗಾಲ ಬಿರುಗಾಳಿ ಬೀಸಿ ಎಷ್ಟೋ ಮರ ಉರುಳಿದವು. ಬಿದ್ದ ಮರಗಳಲ್ಲಿ ಈ ಹುಳ ಮೊಟ್ಟೆ ಇಟ್ಟಿತು. ಗಟ್ಟಿ ಮರವಾದರೆ ಅಂಟು ಸುರಿಸಿ ಹುಳವನ್ನು ಮುಳುಗಿಸಿ ಕೊಲ್ಲುತ್ತದೆ. ಆದರೆ ಅವು ದಂಡುಗಟ್ಟಿ ಬಂದಾಗ ಗಟ್ಟಿ ಮರವೂ ಸೋತಿತು. ಹಸಿರು ಕಾಡು ಕೆಂಪಾಯಿತು, ಕೆಂಪು ಬೂದುಬಣ್ಣವಾಯಿತು. ಉಳಿದದ್ದನ್ನು ಉಳಿಸಲಿಕ್ಕೆಂದು ತಂದೆ ತಾನು ನೆಟ್ಟ ಮರಗಳನ್ನು ತಾನೇ ಕಡಿದು, ತೊಗಟೆ ಸುಲಿದು ಸುಟ್ಟರು. ಆದರೂ ಉಳಿಯಲಿಲ್ಲ. ಈಗ ಮುದುಕ ಬೆಳಿಗ್ಗೆ ಎದ್ದು ಹಿಂದಿನ ಕಿಟಕಿಯ ಪರದೆಯನ್ನೇ ಸರಿಸುವುದಿಲ್ಲವಂತೆ.

ಎರಡು ಭಾಷೆ ದಾಟಿ ಅದು ಮುದುಕಿಯನ್ನು ಮುಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಒಂದು ಮಾತು ಹೇಳಿದಳು. ಮನೆಯಲ್ಲಿ ಸಾವಾದವರಿಗೆ ಹೇಳುವ ಮಾತು ಅದು ಎಂದು ಗೆಳೆಯ ವಿವರಿಸಿದ. ಎಂಜಿನಿಯರ್ ಟೊಪ್ಪಿ ತೆಗೆದು ತಲೆ ಬಾಗಿಸಿದರು.

“ಇಲ್ಲಿಯ ಮರಗಳಿಗೆ ಏನಾಗಿದೆ?” ಎಂದು ನಾನು ಕೇಳಿದೆ.

“ನಮ್ಮ ಹುಳ ಅಲ್ಲ. ಅದರ ಅಚ್ಚು ಎಲ್ಲೂ ಇಲ್ಲ. ಮಳೆ ಕಮ್ಮಿಯೋ, ವಯಸ್ಸೋ, ನನಗೆ ಗೊತ್ತಿಲ್ಲ. ನಾನು ಯಂತ್ರದ ಎಂಜಿನಿಯರ್” ಎಂದರು.

ಆಗ ನನ್ನ ಹೆಂಡತಿಯ ಕೂಗು ಕೇಳಿತು. ತೆರೆದಿಟ್ಟ ಬಾಗಿಲಿನಿಂದ ಎರಡು ಮೇಕೆ ಲ್ಯಾಂಡ್ ಕ್ರೂಸರಿನೊಳಗೆ ನುಗ್ಗಿ ಕುಸ್ವಾರಿನ ಡಬ್ಬಕ್ಕೆ ಬಾಯಿ ಹಾಕಿದ್ದವು. ಗೆಳೆಯ ಕೊಂಬು ಹಿಡಿದ, ಎಂಜಿನಿಯರ್ ಹಿಂಗಾಲು ಹಿಡಿದರು, ಮುದುಕಿ ಮೇಕೆಗಳನ್ನು ಬಿಟ್ಟು ನಮ್ಮೆಲ್ಲರನ್ನೂ ಬೈದಳು. ಒಂದು ಮೇಕೆ ನೆವ್ರಿ ಕಚ್ಚಿಕೊಂಡು ಇಳಿಯಿತು, ಇನ್ನೊಂದು ಸ್ಟೀರಿಂಗಿನ ಹಿಂದೆಯೇ ಕೂತುಬಿಟ್ಟಿತು.

“ಅದಕ್ಕೆ ಲೈಸೆನ್ಸ್ ಉಂಟಾ ಕೇಳಿ” ಎಂದಳು ಹೆಂಡತಿ.

ಆಮೇಲೆ ಮುದುಕಿ ಖರ್ಜೂರ ಕೊಟ್ಟಳು, ಕಹಿ ಕಾಫಿ ಕುಡಿಸಿದಳು. ಇಳಿಯುವ ದಾರಿಯಲ್ಲಿ ಎಂಜಿನಿಯರ್ ಡಬ್ಬದ ತಳದಲ್ಲಿ ಮುರಿದು ಉಳಿದಿದ್ದ ಚಕ್ಕುಲಿಗಳನ್ನು ತಿನ್ನುತ್ತ, ಇದನ್ನು ಹೇಗೆ ಮಾಡುವುದು ಎಂದು ನನ್ನ ಹೆಂಡತಿಯನ್ನು ಕೇಳಿದರು. ಅವಳು ಬೆಟ್ಟದ ಕೆಳಗಿನ ನಿಜ್ವಾ ಪಟ್ಟಣ ಬರುವವರೆಗೂ ಹೇಳುತ್ತಲೇ ಇದ್ದಳು.